ಸ್ಕಂದಗಿರಿ ಮೇಲೆ ಚೆಂಡು ಜಾಸ್ತಿ ಪುಟಿಯುತ್ತಾ?

ಬೆಂಗಳೂರಿನ ಐಟಿ ಮಂದಿಗೆ ಸ್ಕಂದಗಿರಿ ಅಂದರೆ ಅರ್ಧ ದಿನದ ವೀಕೆಂಡ್. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಸಿ, ಬೆಳಗಿನ ಜಾವ ಪಾಪಾಗ್ನಿ ಮಠದ ಹತ್ತಿರ ಗಾಡಿ ನಿಲ್ಲಿಸಿ, ಏದುಸಿರು ಬಿಡುತ್ತಾ ಹತ್ತಿ, ಪಾಳುಬಿದ್ದ ಕೋಟೆಗೋಡೆಯ ಪಕ್ಕ ನಿಂತು ಮೋಡದ ಫೋಟೊ ತೆಗೆದು, ಇಳಿದು, ಚಿಕ್ಕಬಳ್ಳಾಪುರದಲ್ಲಿ ಇಡ್ಲಿ ತಿಂದರೆ ಮುಗೀತು. ಅಂಥ ಒಂದು ಬೆಳಗ್ಗೆ ನಮ್ಮ ಗುಂಪಿನಲ್ಲಿ ಶುರುವಾದ ವಾದ ಇದು: "ಮಗಾ, ಇಲ್ಲಿ ಬಾಲ್ ಬಿಟ್ರೆ ಕೆಳಗಿಗಿಂತ ಜಾಸ್ತಿ ಬೌನ್ಸ್ ಆಗುತ್ತೆ ಅಲ್ವಾ? ಎತ್ತರ ಹೋದಂಗೆ ಗ್ರಾವಿಟಿ ಕಮ್ಮಿ." ಇನ್ನೊಬ್ಬ, "ಗ್ರಾವಿಟಿ ಅಲ್ಲ ಗುರು, ಗಾಳಿ ತೆಳು" ಅಂದ. ಮೂರನೆಯವಳು ಸುಮ್ಮನೆ, "ಚಳಿಗೆ ಬಾಲೇ ಸತ್ತೋಗಿರುತ್ತೆ ಬಿಡ್ರೋ" ಅಂದಳು.

ಮೂವರಲ್ಲಿ ಯಾರು ಸರಿ? ಲೆಕ್ಕ ಹಾಕಿ ನೋಡೋಣ. ಇದು ಬರೀ ಟ್ರೆಕ್ಕಿಂಗ್ ಹರಟೆಯಲ್ಲ ಅಂತ ನನಗೆ ಅನ್ನಿಸೋದಕ್ಕೆ ಕಾರಣವೂ ಇದೆ. ಚೆಂಡು ಎಷ್ಟು ಎತ್ತರ ಪುಟಿಯುತ್ತೆ ಅನ್ನೋದರ ಮೇಲೆ ಒಂದು ಟೆಸ್ಟ್ ಪಂದ್ಯದ ಗತಿ ನಿಂತಿರುತ್ತೆ, ಒಂದು ಸ್ಟೇಡಿಯಮ್ಮಿನ ಮಾನ ನಿಂತಿರುತ್ತೆ, ಭಾನುವಾರ ಆಡಲು ಹೋಗುವ ನಿಮ್ಮ ಗಲ್ಲವೂ ನಿಂತಿರುತ್ತೆ. ಆ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಗ್ರಾವಿಟಿಯನ್ನು ವಿಲೇವಾರಿ ಮಾಡಿಬಿಡೋಣ. ಸ್ಕಂದಗಿರಿಯ ತುದಿ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್. ಕೆಳಗಿನ ಬಯಲು ಸುಮಾರು 900. ವ್ಯತ್ಯಾಸ 550 ಮೀಟರ್. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್ ಇರುವಾಗ ಈ 550 ಮೀಟರ್‌ಗೆ ಗುರುತ್ವ ಕಡಿಮೆಯಾಗೋದು ಶೇಕಡಾ 0.02ರಷ್ಟೂ ಅಲ್ಲ. ಅದಕ್ಕಿಂತ ಮಜಾ ಏನಂದರೆ, ಗುರುತ್ವ ನಿಜವಾಗಿ ಅರ್ಧಕ್ಕೆ ಇಳಿದರೂ ಪುಟಿತದ ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಬೀಳುವಾಗ ನಿಧಾನಕ್ಕೆ ಬೀಳುತ್ತೆ, ಏಳುವಾಗಲೂ ನಿಧಾನಕ್ಕೆ ಏಳುತ್ತೆ, ಎರಡೂ ಸರಿಹೋಗುತ್ತೆ. ಒಂದು ಮೀಟರ್‌ನಿಂದ ಬಿಟ್ಟ ಚೆಂಡು ಇಲ್ಲಿ 60 ಸೆಂಟಿಮೀಟರ್ ಎದ್ದರೆ ಚಂದ್ರನ ಮೇಲೂ ಅದರ ಆಸುಪಾಸಲ್ಲೇ ಏಳುತ್ತೆ, ಟೈಮ್ ಮಾತ್ರ ಜಾಸ್ತಿ ತಗೊಳ್ಳುತ್ತೆ. ಮೊದಲನೆಯವನು ಔಟ್.

ಕಳೆದುಹೋದ ಶಕ್ತಿ ಎಲ್ಲಿ ಹೋಯ್ತು?

ಚೆಂಡು ನೆಲಕ್ಕೆ ತಾಗಿದ ಆ ಕೆಲವೇ ಮಿಲಿಸೆಕೆಂಡುಗಳಲ್ಲಿ ಅದು ಚಪ್ಪಟೆಯಾಗುತ್ತೆ, ಮತ್ತೆ ಉಬ್ಬುತ್ತೆ. ಚಪ್ಪಟೆಯಾಗುವಾಗ ಒಳಗೆ ಕೂಡಿಟ್ಟ ಶಕ್ತಿಯೆಲ್ಲ ಉಬ್ಬುವಾಗ ವಾಪಸ್ ಬರೋದಿಲ್ಲ. ಒಂದಷ್ಟು ಬಿಸಿಯಾಗಿ ಹೋಗುತ್ತೆ, ಚೂರು ಶಬ್ದವಾಗಿ ಹೋಗುತ್ತೆ, ನೆಲ ಮೆತ್ತಗಿದ್ದರೆ ನೆಲವೇ ನುಂಗುತ್ತೆ. ಹೀಗೆ ಚೆಂಡು ಪ್ರತಿ ಸಲ ತೆರಿಗೆ ಕಟ್ಟುತ್ತೆ ಅಂದುಕೊಳ್ಳಿ. ತೆರಿಗೆ ಎಷ್ಟು ಅನ್ನೋದು ಚೆಂಡು ಮತ್ತು ನೆಲ ಇಬ್ಬರೂ ಸೇರಿ ಮಾಡುವ ತೀರ್ಮಾನ. ಬರೀ ಚೆಂಡಿನ ಗುಣ ಅಲ್ಲ, ಬರೀ ನೆಲದ ಗುಣವೂ ಅಲ್ಲ.

ಇದನ್ನು ಅಳೆಯೋದಕ್ಕೆ ಒಂದೇ ಸಂಖ್ಯೆ ಸಾಕು: ಬಡಿದ ವೇಗಕ್ಕೂ ಎದ್ದ ವೇಗಕ್ಕೂ ಇರುವ ಅನುಪಾತ. ಪಿಯುಸಿ ಪುಸ್ತಕದಲ್ಲಿ ಇದನ್ನು ಒಂದು ಅಕ್ಷರದಲ್ಲಿ ಬರೆದು, ಎರಡು ಮಾರ್ಕಿನ ಪ್ರಶ್ನೆ ಕೇಳಿ ಕೊಂದುಹಾಕಿದರು. ಪಾಪ, ಅದು ಬಹಳ ಒಳ್ಳೆಯ ಸಂಖ್ಯೆ. 1687ರಲ್ಲಿ ಬಂದ 'ಪ್ರಿನ್ಸಿಪಿಯಾ'ದಲ್ಲೇ ನ್ಯೂಟನ್ ಇದರ ಪ್ರಯೋಗ ಬರೆದಿದ್ದಾನೆ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿದಾಗ 9ಕ್ಕೆ 5ರಷ್ಟು ವೇಗ ವಾಪಸ್ ಬಂತಂತೆ. ಉಕ್ಕಿನ ಉಂಡೆಗೂ ಹೆಚ್ಚುಕಮ್ಮಿ ಅಷ್ಟೇ, ಕಾರ್ಕಿಗೆ ಸ್ವಲ್ಪ ಕಮ್ಮಿ, ಗಾಜಿಗೆ 16ಕ್ಕೆ 15. ಗಾಜು! ರಬ್ಬರೇ ಎಲ್ಲಕ್ಕಿಂತ ಚೆನ್ನಾಗಿ ಪುಟಿಯೋದು ಅಂತ ನಂಬಿಕೊಂಡು ಬೆಳೆದ ನನ್ನಂಥವರಿಗೆ ಇದು ನಂಬೋಕೆ ಕಷ್ಟ. ಆದರೆ ಗೋಲಿ ಆಡಿದವರು ನೆನಪಿಸಿಕೊಳ್ಳಿ: ಗೋಲಿಗೆ ಗೋಲಿ ಟಕ್ ಅಂತ ಬಡಿದಾಗ ಹೊಡೆದದ್ದು ಅಲ್ಲೇ ನಿಂತು, ಹೊಡೆಸಿಕೊಂಡದ್ದು ಅದೇ ವೇಗದಲ್ಲಿ ಓಡಿಹೋಗುತ್ತಿತ್ತಲ್ಲ.

ಈ ಸಂಖ್ಯೆಯ ವರ್ಗವೇ ಪುಟಿತದ ಎತ್ತರ. ಅಂತರರಾಷ್ಟ್ರೀಯ ಟೆನಿಸ್ ನಿಯಮದ ಪ್ರಕಾರ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ಏಳಬೇಕು. ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ವೇಗದ ಲೆಕ್ಕದಲ್ಲಿ 0.73ರಿಂದ 0.76. ಟೇಬಲ್ ಟೆನಿಸ್ ಚೆಂಡು ಇನ್ನೂ ಚುರುಕು: 30.5 ಸೆಂಟಿಮೀಟರ್‌ನಿಂದ ಉಕ್ಕಿನ ಮೇಲೆ ಬಿದ್ದರೆ 24ರಿಂದ 26 ಏಳಬೇಕು. ಕ್ರಿಕೆಟ್ ಚೆಂಡು ಇವೆರಡರ ಮುಂದೆ ಸೋಮಾರಿ. ಗಟ್ಟಿ ನೆಲದ ಮೇಲೂ ಬಿಟ್ಟ ಎತ್ತರದ ಮೂರನೇ ಒಂದು ಭಾಗದಷ್ಟು ಎದ್ದರೆ ಹೆಚ್ಚು. ಒಳಗೆ ಕಾರ್ಕು, ಮೇಲೆ ಸುತ್ತಿದ ದಾರ, ಅದರ ಮೇಲೆ ಚರ್ಮ. ಯಾವುದೂ ತಿಂದದ್ದನ್ನು ಪೂರ್ತಿ ವಾಪಸ್ ಕೊಡುವ ಜಾತಿಯಲ್ಲ.

ಇನ್ನೊಂದು ವಿಷಯ: ಜೋರಾಗಿ ಬಡಿದಷ್ಟೂ ತೆರಿಗೆ ಜಾಸ್ತಿ. ಎರಡು ಪಟ್ಟು ಎತ್ತರದಿಂದ ಬಿಟ್ಟರೆ ಎರಡು ಪಟ್ಟು ಏಳಲ್ಲ, ಸ್ವಲ್ಪ ಕಮ್ಮಿಯೇ.

ಬೆಟ್ಟದ ಮೇಲಿನ ಲೆಕ್ಕ

ಈಗ ಎರಡನೆಯವನ ವಾದ: ಗಾಳಿ ತೆಳು. ಇದರಲ್ಲಿ ಅರ್ಧ ಸತ್ಯ ಇದೆ, ಆದರೆ ಅವನು ಅಂದುಕೊಂಡ ಕಾರಣಕ್ಕಲ್ಲ. ಎರಡೂವರೆ ಮೀಟರ್ ಬೀಳುವ ಚೆಂಡನ್ನು ಗಾಳಿ ತಡೆಯೋದು ಅಷ್ಟಕ್ಕಷ್ಟೇ. ಆಟ ಇರೋದು ಚೆಂಡಿನ ಒಳಗಿನ ಗಾಳಿಯಲ್ಲಿ.

ಹೊಸ ಟೆನಿಸ್ ಬಾಲಿನ ಡಬ್ಬಿ ತೆರೆದಾಗ 'ಉಸ್ಸ್' ಅನ್ನುತ್ತಲ್ಲ, ಅದು ಒತ್ತಡದ ಗಾಳಿ. ಚೆಂಡಿನೊಳಗೂ ಹಾಗೇ ಗಾಳಿ ತುಂಬಿಟ್ಟಿರುತ್ತಾರೆ, ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಗಿಂತ ಸುಮಾರು 12 ಪಿಎಸ್‌ಐ ಹೆಚ್ಚು. ಹೊರಗಿನದು 14.7. ಅಂದರೆ ಒಳಗಿನ ಒಟ್ಟು ಒತ್ತಡ 26.7. ಚೆಂಡಿನ ಬಿಗಿತ ನಿರ್ಧಾರ ಆಗೋದು ಒಳಗಿನ ಒಟ್ಟು ಒತ್ತಡದಿಂದ ಅಲ್ಲ, ಒಳಗೂ ಹೊರಗೂ ಇರುವ ವ್ಯತ್ಯಾಸದಿಂದ. ಬೈಕಿನ ಟೈರಿಗೆ ಬಂಕಿನಲ್ಲಿ ಗಾಳಿ ಹೊಡೆಸುವಾಗ ಮೀಟರ್ ತೋರಿಸೋದೂ ಈ ವ್ಯತ್ಯಾಸವನ್ನೇ. ಬೆಂಗಳೂರು, ಚಿಕ್ಕಬಳ್ಳಾಪುರದ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 13.2 ಪಿಎಸ್‌ಐಗೆ ಇಳಿದಿರುತ್ತೆ. ಸ್ಕಂದಗಿರಿ ತುದಿಯಲ್ಲಿ ಸುಮಾರು 12.35. ಹಾಗಾಗಿ ಅದೇ ಚೆಂಡಿನ ಬಿಗಿತ ಮಂಗಳೂರಿನ ಕಡಲ ದಂಡೆಯಲ್ಲಿ 12, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ 13.5, ಬೆಟ್ಟದ ತುದಿಯಲ್ಲಿ 14.35. ಬಿಗಿ ಹೆಚ್ಚಾದಷ್ಟೂ ರಬ್ಬರ್ ಕಮ್ಮಿ ಬಾಗುತ್ತೆ, ಕೆಲಸವನ್ನು ಗಾಳಿಯೇ ಹೆಚ್ಚು ಮಾಡುತ್ತೆ. ಗಾಳಿ ರಬ್ಬರಿಗಿಂತ ಪ್ರಾಮಾಣಿಕ, ಕೊಟ್ಟದ್ದನ್ನು ವಾಪಸ್ ಕೊಡುತ್ತೆ. ಚೆಂಡು ಹೆಚ್ಚು ಪುಟಿಯುತ್ತೆ.

ಟೆನಿಸ್‌ನವರು ಇದನ್ನು ಗಂಭೀರವಾಗಿ ತಗೊಂಡಿದ್ದಾರೆ. 1,219 ಮೀಟರ್, ಅಂದರೆ 4,000 ಅಡಿಗಿಂತ ಎತ್ತರದ ಊರುಗಳಿಗೆ ಬೇರೆ ಚೆಂಡು ಬಳಸಬಹುದು ಅಂತ ನಿಯಮವೇ ಇದೆ. ಆ ಚೆಂಡು ಸಮುದ್ರಮಟ್ಟದ ಪರೀಕ್ಷೆಯಲ್ಲಿ 122ರಿಂದ 135 ಸೆಂಟಿಮೀಟರ್ ಎದ್ದರೆ ಸಾಕು. ಬೊಗೊಟಾದಂಥ ಊರಲ್ಲಿ ಮಾಮೂಲಿ ಚೆಂಡು ಹಿಡಿತಕ್ಕೇ ಸಿಗಲ್ಲ. ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಗಳ ಈ ಗೆರೆಯ ಕೆಳಗೆ ಬರುತ್ತೆ, ಮಾಮೂಲಿ ಚೆಂಡಲ್ಲೇ ಆಡ್ತಾರೆ. ಸ್ಕಂದಗಿರಿಯ ಬಂಡೆ ಮೇಲೆ ಯಾರಾದರೂ ಟೆನಿಸ್ ಕೋರ್ಟ್ ಕಟ್ಟಿದರೆ (ಅರಣ್ಯ ಇಲಾಖೆಯವರು ಬಿಡಲ್ಲ, ಬಿಡಲೂಬಾರದು) ಎತ್ತರದ ಚೆಂಡು ತರಿಸಬಹುದು.

ಹಾಗಾದರೆ ಎರಡನೆಯವನು ಗೆದ್ದನಾ? ಸ್ವಲ್ಪ ತಡೀರಿ. ಸೂರ್ಯೋದಯ ನೋಡೋಕೆ ಹೋದವರು ಬೆಟ್ಟದ ಮೇಲೆ ನಿಲ್ಲೋದು ಡಿಸೆಂಬರ್ ಚಳಿಯಲ್ಲಿ. ಕೆಳಗೆ ಮಧ್ಯಾಹ್ನ 30 ಡಿಗ್ರಿ, ಮೇಲೆ ನಸುಕಿನಲ್ಲಿ 12 ಡಿಗ್ರಿ ಅಂತಿಟ್ಟುಕೊಳ್ಳಿ. ಮುಚ್ಚಿದ ಚೆಂಡಿನೊಳಗಿನ ಗಾಳಿ 18 ಡಿಗ್ರಿ ತಣ್ಣಗಾದರೆ ಅದರ ಒತ್ತಡ ಶೇಕಡಾ 6ರಷ್ಟು ಇಳಿಯುತ್ತೆ. 26.7ರಲ್ಲಿ ಅದು 1.6 ಪಿಎಸ್‌ಐ. ಬೆಟ್ಟ ಹತ್ತಿ ಗಳಿಸಿದ್ದು 0.85, ಚಳಿಗೆ ಕಳೆದುಕೊಂಡದ್ದು 1.6. ತುದಿಯಲ್ಲಿ ಉಳಿದ ಬಿಗಿತ 12.75. ಅಂದರೆ ಕೆಳಗಿನ ಮಧ್ಯಾಹ್ನಕ್ಕಿಂತ ಕಮ್ಮಿ!

ಇಷ್ಟೇ ಅಲ್ಲ. ರಬ್ಬರ್ ಕೂಡ ತಣ್ಣಗಾದಂತೆ ಜಡವಾಗುತ್ತೆ. ಅದರ ಉದ್ದುದ್ದದ ಅಣುಸರಪಳಿಗಳು ಬಿಸಿಯಲ್ಲಿ ಚುರುಕಾಗಿ ಒಂದರ ಮೇಲೊಂದು ಜಾರಿ ಮತ್ತೆ ಜಾಗಕ್ಕೆ ಬರುತ್ತವೆ. ತಣ್ಣಗಾದರೆ ಎಳೆದಾಡಿಕೊಂಡು ಬರುತ್ತವೆ, ಆ ಎಳೆದಾಟದಲ್ಲಿ ಶಕ್ತಿ ಬಿಸಿಯಾಗಿ ಸೋರಿಹೋಗುತ್ತೆ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದ ಮೇಲೆ ರಿಚರ್ಡ್ ಫೈನ್‌ಮನ್ ವಿಚಾರಣೆಯ ಮೇಜಿನ ಮೇಲೇ ರಬ್ಬರಿನ ತುಂಡನ್ನು ಐಸ್ ನೀರಿನ ಲೋಟದಲ್ಲಿ ಅದ್ದಿ ತೋರಿಸಿದ್ದು ಇದನ್ನೇ. ತಣ್ಣಗಾದ ರಬ್ಬರ್ ಒತ್ತಿದ ಮೇಲೆ ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ಏಳು ಜನರ ಜೀವ ಹೋದದ್ದು ಆ ಜಡತನಕ್ಕೆ. ಸ್ಕ್ವಾಷ್ ಆಡುವವರು ಪಂದ್ಯಕ್ಕೆ ಮುಂಚೆ ಚೆಂಡನ್ನು ಗೋಡೆಗೆ ಬಡಿದು ಬಡಿದು ಬಿಸಿ ಮಾಡೋದೂ ಇದೇ ಕಾರಣಕ್ಕೆ. ತಣ್ಣಗಿನ ಸ್ಕ್ವಾಷ್ ಚೆಂಡು ನೆಲಕ್ಕೆ ಬಿದ್ದರೆ ಮುದ್ದೆ ಬಿದ್ದಂಗೆ.

ಹಾಗಾಗಿ ಸ್ಕಂದಗಿರಿಯ ವಾದದಲ್ಲಿ ಗೆದ್ದವಳು ಮೂರನೆಯವಳು. ಬೇಸಿಗೆ ಮಧ್ಯಾಹ್ನ ಹತ್ತಿದರೆ ಎರಡನೆಯವನಿಗೂ ಒಂದು ಚಾನ್ಸ್ ಇದೆ.

ಧರ್ಮಶಾಲಾದ ಬೌನ್ಸ್ ಎತ್ತರದಿಂದ ಬಂದದ್ದಲ್ಲ

ಒಂದು ಮಾತು ಬಿಟ್ಟುಹೋಗಬಾರದು. ಮೇಲಿನ ಒತ್ತಡದ ಲೆಕ್ಕವೆಲ್ಲ ಗಾಳಿ ತುಂಬಿದ ಚೆಂಡಿಗೆ ಮಾತ್ರ. ಕ್ರಿಕೆಟ್ ಚೆಂಡಿನೊಳಗೆ ಒತ್ತಡದ ಗಾಳಿ ಇಲ್ಲವೇ ಇಲ್ಲ. ಧರ್ಮಶಾಲಾದ ಸ್ಟೇಡಿಯಂ 1,457 ಮೀಟರ್ ಎತ್ತರದಲ್ಲಿದೆ, ಅಂದರೆ ಸರಿಸುಮಾರು ನಮ್ಮ ಸ್ಕಂದಗಿರಿ ತುದಿಯಷ್ಟೇ. ಅಲ್ಲಿ ಪಂದ್ಯ ನಡೆದಾಗಲೆಲ್ಲ "ಎತ್ತರದ ಊರು, ಬೌನ್ಸ್ ಜಾಸ್ತಿ" ಅನ್ನೋ ಮಾತು ಕೇಳಿಬರುತ್ತೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡಾ 13ರಷ್ಟು ಕಮ್ಮಿ, ಹೊಡೆದ ಸಿಕ್ಸರ್ ಇನ್ನಷ್ಟು ದೂರ ಹೋಗುತ್ತೆ, ನಿಜ. ಆದರೆ ಪಿಚ್ ಮೇಲಿನ ಪುಟಿತಕ್ಕೂ ಎತ್ತರಕ್ಕೂ ಸಂಬಂಧ ಇಲ್ಲ. ಅದು ಮಣ್ಣು, ಹುಲ್ಲು, ರೋಲರ್ ಮತ್ತು ನೀರಿನ ವಿಷಯ.

ಮಣ್ಣಿನ ವಿಷಯಕ್ಕೆ ಬಂದರೆ ಕರ್ನಾಟಕವೇ ಒಂದು ಪಾಠ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ನೆಲ ಅಗೆದರೆ ಕೆಮ್ಮಣ್ಣು. ಹುಬ್ಬಳ್ಳಿ, ವಿಜಯಪುರ ಕಡೆ ಎರೆಮಣ್ಣು. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಬೇಸಿಗೆಯಲ್ಲಿ ಎರೆಹೊಲ ಕೈ ಇಳಿಯುವಷ್ಟು ಬಿರಿಯೋದನ್ನು ನೋಡಿದವರಿಗೆ ಹೇಳಬೇಕಿಲ್ಲ. ಅದು ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಆ ಮಣ್ಣಿನ ಪಿಚ್‌ನಲ್ಲಿ ಚೆಂಡು ಸಾಮಾನ್ಯವಾಗಿ ತಗ್ಗಾಗಿ, ನಿಧಾನವಾಗಿ ಬರುತ್ತೆ. ಕೆಂಪು ಜೇಡಿ ಅಷ್ಟು ಉಬ್ಬಲ್ಲ, ಬೇಗ ಒಣಗಿ ಗಟ್ಟಿಯಾಗುತ್ತೆ, ಬೌನ್ಸ್ ಕೊಡುತ್ತೆ. ಆದರೆ ದಿನ ಕಳೆದಂತೆ ಪುಡಿಯಾಗಿ ತಿರುವು ಶುರುವಾಗುತ್ತೆ. ಚೆನ್ನೈನ ಚೆಪಾಕ್‌ನಲ್ಲಿ ಎರಡೂ ಬಗೆಯ ಪಿಚ್‌ಗಳಿವೆ. ಯಾವುದರ ಮೇಲೆ ಆಟ ಅನ್ನೋದೇ ಪಂದ್ಯಕ್ಕೆ ಮುಂಚಿನ ದೊಡ್ಡ ಸುದ್ದಿ.

ಪಿಚ್ ಎಷ್ಟು ವೇಗದ್ದು ಅಂತ ಅಳೆಯೋಕೆ ಇಂಗ್ಲೆಂಡಿನಲ್ಲಿ 1960ರ ದಶಕದಿಂದಲೇ ಒಂದು ಸರಳ ಪರೀಕ್ಷೆ ಬಳಕೆಯಲ್ಲಿದೆ. 16 ಅಡಿ ಎತ್ತರದಿಂದ ಚೆಂಡು ಬಿಡೋದು. 25 ಇಂಚಿಗಿಂತ ಹೆಚ್ಚು ಎದ್ದರೆ ವೇಗದ ಪಿಚ್, 15 ಇಂಚಿಗಿಂತ ಕಮ್ಮಿ ಎದ್ದರೆ ನಿಧಾನದ್ದು. ಮಧ್ಯದ್ದೆಲ್ಲ ಮಧ್ಯದ್ದು. ಹತ್ತು ಇಂಚಿನ ಒಳಗೆ ವೇಗ, ನಿಧಾನ ಎಲ್ಲ ಮುಗಿದುಹೋಯ್ತು ನೋಡಿ.

ನನಗೆ ಕೇಳಿದರೆ ಬೌನ್ಸ್ ಕಮ್ಮಿ ಅನ್ನೋದು ದೂರೇ ಅಲ್ಲ. ತಗ್ಗು ಪಿಚ್‌ಗೆ ಬ್ಯಾಟ್ಸ್‌ಮನ್ ಅರ್ಧ ಗಂಟೆಯಲ್ಲಿ ಹೊಂದಿಕೊಳ್ಳುತ್ತಾನೆ. ಕಷ್ಟ ಬರೋದು ಒಂದೇ ಜಾಗದಿಂದ ಒಂದು ಚೆಂಡು ಮೊಣಕಾಲಿಗೆ, ಇನ್ನೊಂದು ಎದೆಗೆ ಬಂದಾಗ. 2017ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಆಸ್ಟ್ರೇಲಿಯಾ ಟೆಸ್ಟ್ ನೆನಪಿದೆಯಾ? 188 ರನ್ ಗುರಿ, ಆಸ್ಟ್ರೇಲಿಯಾ 112ಕ್ಕೆ ಔಟ್, ಅಶ್ವಿನ್‌ಗೆ 41 ರನ್‌ಗೆ 6 ವಿಕೆಟ್. ಆ ದಿನ ಸ್ಟೀವ್ ಸ್ಮಿತ್ ರಿವ್ಯೂ ತಗೊಳ್ಳೋಕೆ ಡ್ರೆಸಿಂಗ್ ರೂಮ್ ಕಡೆ ನೋಡಿದ್ದು, ವಿರಾಟ್ ಕೊಹ್ಲಿ ಉರಿದುಬಿದ್ದದ್ದು, ಆಮೇಲೆ ತನ್ನ 'ಬ್ರೈನ್ ಫೇಡ್' ಅಂತ ಸ್ಮಿತ್ ಹೇಳಿದ್ದು ಎಲ್ಲರಿಗೂ ನೆನಪಿದೆ. ಆ ಚೆಂಡು ಏನು ಮಾಡಿತು ಅನ್ನೋದು ಮಾತ್ರ ಮರೆತುಹೋಗಿದೆ. ಉಮೇಶ್ ಯಾದವ್ ಹಾಕಿದ ಚೆಂಡು ಏಳಲೇ ಇಲ್ಲ, ನೆಲ ಸವರಿಕೊಂಡು ಬಂದು ಪ್ಯಾಡಿಗೆ ಬಡೀತು. ಮ್ಯಾಚ್ ರೆಫರಿ ಕ್ರಿಸ್ ಬ್ರಾಡ್ ಆ ಪಿಚ್‌ಗೆ 'ಸರಾಸರಿಗಿಂತ ಕೆಳಗೆ' ಅಂತ ಮಾರ್ಕು ಕೊಟ್ಟರು.

ಐದು ವರ್ಷದ ಮೇಲೆ, 2022ರ ಮಾರ್ಚ್‌ನಲ್ಲಿ, ಶ್ರೀಲಂಕಾ ವಿರುದ್ಧ ಅದೇ ಅಂಗಳದಲ್ಲಿ ಪಿಂಕ್ ಬಾಲ್ ಟೆಸ್ಟ್. ಕೊಹ್ಲಿ ಶತಕ ನೋಡೋಕೆ ಬಂದ ಜನ. ಧನಂಜಯ ಡಿ ಸಿಲ್ವಾ ಹಾಕಿದ ಚೆಂಡು ತಗ್ಗಾಗಿ ಬಂತು, 23ಕ್ಕೆ ಎಲ್‌ಬಿಡಬ್ಲ್ಯು. ಮತ್ತೆ 'ಸರಾಸರಿಗಿಂತ ಕೆಳಗೆ', ಜೊತೆಗೆ ಒಂದು ಡಿಮೆರಿಟ್ ಪಾಯಿಂಟ್. ಆಗಿನ ನಿಯಮದಲ್ಲಿ ಐದು ವರ್ಷದೊಳಗೆ ಐದು ಪಾಯಿಂಟ್ ಸೇರಿದರೆ ಆ ಅಂಗಳದಲ್ಲಿ 12 ತಿಂಗಳು ಅಂತರರಾಷ್ಟ್ರೀಯ ಪಂದ್ಯವೇ ಇಲ್ಲ. ಈ ಸಲ ಮಾರ್ಕು ಹಾಕಿದ ಮ್ಯಾಚ್ ರೆಫರಿ ಯಾರು ಗೊತ್ತಾ? ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. ಸ್ವಂತ ರಾಜ್ಯದ ಅಂಗಳಕ್ಕೆ, ಅದೇ ಪಿಚ್ ಮೇಲೆ ಬೆವರು ಸುರಿಸಿದವರು. ನನಗಂತೂ ಅವರ ಮೇಲಿನ ಗೌರವ ಜಾಸ್ತಿಯೇ ಆಯಿತು.

ಶ್ರೀನಾಥ್ ಎಂಜಿನಿಯರಿಂಗ್ ಓದಿದವರು. ಅನಿಲ್ ಕುಂಬ್ಳೆಯೂ ಅಷ್ಟೇ, ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್. (ನಾನೂ ಎಂಜಿನಿಯರೇ, ಹೋಲಿಕೆ ಅಲ್ಲಿಗೇ ಮುಗೀತು.) ಕುಂಬ್ಳೆ ಚೆಂಡನ್ನು ದೊಡ್ಡದಾಗಿ ತಿರುಗಿಸಲ್ಲ ಅಂತ ಜನ ಆಡಿಕೊಳ್ಳುತ್ತಿದ್ದರು. ಅವರ ಆಯುಧ ಬೌನ್ಸ್. ಎತ್ತರದ ಆಳು, ಎತ್ತರದಿಂದ ಕೈ ಬಿಡುತ್ತಿದ್ದರು. ಅದರ ಮೇಲೆ ಟಾಪ್ ಸ್ಪಿನ್. ಮುಂದಕ್ಕೆ ಉರುಳುವ ಸುತ್ತು ಇರುವ ಚೆಂಡನ್ನು ಗಾಳಿ ಕೆಳಕ್ಕೆ ಎಳೆಯುತ್ತೆ, ಹಾಗಾಗಿ ಅದು ನೆಲಕ್ಕೆ ಕಡಿದಾಗಿ ಬಡಿಯುತ್ತೆ. ಕಡಿದಾಗಿ ಬಿದ್ದದ್ದು ಕಡಿದಾಗಿ ಏಳುತ್ತೆ. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್, 74 ರನ್‌ಗೆ. ಆ ಪಿಚ್‌ನ ಬೌನ್ಸೂ ಏರುಪೇರಾಗಿತ್ತು. ಪಿಚ್ ಒಂದಷ್ಟು ಮೋಸ ಮಾಡಿತು, ಉಳಿದದ್ದನ್ನು ಕುಂಬ್ಳೆ ನೋಡಿಕೊಂಡರು.

ಭಾನುವಾರದ ಗಲ್ಲ

ಇನ್ನು ನಮ್ಮಂಥವರ ಆಟಕ್ಕೆ ಬರೋಣ. ಚಿಕ್ಕಬಳ್ಳಾಪುರದ ಸುತ್ತ ಕ್ರಿಕೆಟ್ ಈಗ ಸಣ್ಣ ವಿಷಯ ಅಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ ಒಳ್ಳೆಯ ಸ್ಟೇಡಿಯಮ್ಮೇ ಇದೆ. 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ಬಂದು ಪ್ರದರ್ಶನ ಪಂದ್ಯ ಆಡಿಹೋದರು. ಆದರೆ ಆಫೀಸ್ ಟೀಮುಗಳಿಗೆ ಸಿಗೋದು ಅಂಥ ಹುಲ್ಲುಹಾಸಲ್ಲ. ಗಂಟೆ ಲೆಕ್ಕದ ಬಾಡಿಗೆಯ ಅಂಗಳ, ಸಿಮೆಂಟ್ ಪಿಚ್, ಅದರ ಮೇಲೆ ಹಾಸಿದ ಮ್ಯಾಟ್.

ಅಂಥದ್ದೇ ಒಂದು ಅಂಗಳದಲ್ಲಿ ಕಳೆದ ವರ್ಷ ನಮ್ಮ ತಂಡದ ಹುಡುಗನೊಬ್ಬನ ಗಲ್ಲಕ್ಕೆ ಚೆಂಡು ಬಡಿದು ಆರು ಹೊಲಿಗೆ ಬಿದ್ದವು. ಲೆದರ್ ಬಾಲ್, ಹೆಲ್ಮೆಟ್ ಇರಲಿಲ್ಲ, ಬೌಲರ್ ಏನೂ ಭಯಂಕರ ವೇಗದವನಲ್ಲ. ಶಾರ್ಟ್ ಬಾಲೂ ಅಲ್ಲ. ತೊಡೆ ಎತ್ತರಕ್ಕೆ ಬರಬೇಕಾದ ಗುಡ್ ಲೆಂಗ್ತ್ ಚೆಂಡು ಮುಖಕ್ಕೆ ಹೇಗೆ ಬಂತು ಅಂತ ಎಲ್ಲರೂ ತಲೆ ಕೆರೆದುಕೊಂಡರು. "ಅದೃಷ್ಟ ಸರಿ ಇರ್ಲಿಲ್ಲ ಸರ್" ಅಂದ ಅಂಗಳ ನೋಡಿಕೊಳ್ಳುವ ಅಣ್ಣ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ.

ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. ಎರಡು ಮೀಟರ್‌ಗಿಂತ ಸ್ವಲ್ಪ ಮೇಲಿಂದ ಬಿಟ್ಟ ಚೆಂಡು ಬ್ಯಾಟ್ಸ್‌ಮನ್‌ಗಿಂತ 5 ಮೀಟರ್ ಮುಂದೆ ನೆಲಕ್ಕೆ ಬೀಳುವಾಗ ಕೆಳಮುಖದ ವೇಗ ಸೆಕೆಂಡಿಗೆ ಸುಮಾರು 6.6 ಮೀಟರ್. ಪುಟಿತದ ಅನುಪಾತ 0.6 ಇದ್ದು, ನೆಲಕ್ಕೆ ಉಜ್ಜಿ ಮುಂದಿನ ವೇಗ 20ಕ್ಕೆ ಇಳಿದರೆ, ಕಾಲು ಸೆಕೆಂಡಿನಲ್ಲಿ ಚೆಂಡು ಬ್ಯಾಟ್ಸ್‌ಮನ್ ಹತ್ತಿರ 68 ಸೆಂಟಿಮೀಟರ್ ಎತ್ತರದಲ್ಲಿರುತ್ತೆ. ತೊಡೆ. ಅದೇ ಜಾಗದಲ್ಲಿ ಮ್ಯಾಟ್ ಅಡಿ ಮಣ್ಣು ಸೇರಿಕೊಂಡು ಅನುಪಾತ 0.45 ಆದರೆ 44 ಸೆಂಟಿಮೀಟರ್. ಒಂದು ಗೇಣು ತಗ್ಗು. ಬೌಲ್ಡ್ ಆಗಬಹುದು, ಬೇಜಾರು, ಅಷ್ಟೇ.

ಈಗ ಅದೇ ಜಾಗದಲ್ಲಿ ಮ್ಯಾಟ್ ಸುಕ್ಕುಗಟ್ಟಿದೆ, ಇಲ್ಲವೇ ಸಿಮೆಂಟ್ ಬಿರಿದು ಒಂದು ಅಂಚು ಮೇಲೆದ್ದಿದೆ ಅನ್ನಿ. ಬೌಲರ್ ಕಡೆಗೆ ಮುಖ ಮಾಡಿದ ಬರೀ 5 ಡಿಗ್ರಿ ಇಳಿಜಾರು. ಕಣ್ಣಿಗೆ ಸರಿಯಾಗಿ ಕಾಣಲ್ಲ. ಆದರೆ ಈಗ ಚೆಂಡಿನ ಮುಂದಿನ ವೇಗದ ಒಂದು ಪಾಲೂ ಆ ಅಂಚಿಗೆ ಎದುರಾಗಿ ಬಡಿದು ಮೇಲಕ್ಕೆ ತಿರುಗುತ್ತೆ. ಏಳುವ ವೇಗ 4ರಿಂದ ಸುಮಾರು 7ಕ್ಕೆ ಹಾರುತ್ತೆ. ಬ್ಯಾಟ್ಸ್‌ಮನ್ ತಲುಪುವಾಗ ಚೆಂಡು ಸುಮಾರು ಒಂದೂವರೆ ಮೀಟರ್ ಎತ್ತರ. ಬಗ್ಗಿ ಆಡುತ್ತಿರುವವನ ಗಲ್ಲ ಸರಿಯಾಗಿ ಅಲ್ಲೇ ಇರುತ್ತೆ.

ಕಣ್ಣು ನೋಡಿದ್ದಕ್ಕೆ ಕೈ ಸ್ಪಂದಿಸೋಕೆ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಚೆಂಡು ಪುಟಿದ ಮೇಲೆ ಸಿಗೋದು 0.25. ಅಂದರೆ ಬ್ಯಾಟ್ಸ್‌ಮನ್ ಬೌನ್ಸ್ ನೋಡಿ ಆಡೋದಿಲ್ಲ, ಬೌನ್ಸ್ ಹೀಗೇ ಇರುತ್ತೆ ಅಂತ ನಂಬಿ ಆಡ್ತಾನೆ. ಆ ನಂಬಿಕೆಯನ್ನು ಕೊಡೋದು ಪಿಚ್ ನೋಡಿಕೊಳ್ಳುವವರ ಕೆಲಸ. ನಮ್ಮ ಹುಡುಗನಿಗೆ ಅದೃಷ್ಟ ಸರಿ ಇರಲಿಲ್ಲ ಅನ್ನೋದನ್ನು ನಾನು ಒಪ್ಪಲ್ಲ.

ಅಂದಿನಿಂದ ನಮ್ಮ ತಂಡದಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಟಾಸ್‌ಗೆ ಮುಂಚೆ ಒಬ್ಬರು ಸ್ಟಂಪಿನಿಂದ 4ರಿಂದ 8 ಮೀಟರ್ ಮುಂದಿನ ಜಾಗದಲ್ಲಿ ಅಡಿಗೊಂದರಂತೆ ತಲೆ ಎತ್ತರದಿಂದ ಚೆಂಡು ಬಿಡುತ್ತಾ ಹೋಗುತ್ತಾರೆ, ಇನ್ನೊಬ್ಬರು ನೋಡ್ತಾರೆ. ನೇರ ಬಿಟ್ಟ ಚೆಂಡು ನೇರ ಏಳಬೇಕು. ಒಂದು ಕಡೆ ವಾಲಿದರೆ ಅಲ್ಲಿ ಇಳಿಜಾರು ಇದೆ. ಎತ್ತರ ಕಣ್ಣಿಗೆ ಗೊತ್ತಾಗದಿದ್ದರೆ ಫೋನ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ 'ಫೈಫಾಕ್ಸ್' ಅನ್ನೋ ಉಚಿತ ಆ್ಯಪ್ ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳಿಯೇ ಎತ್ತರ ಲೆಕ್ಕ ಹಾಕುತ್ತೆ. ಆ್ಯಪ್ ಬೇಡ ಅಂದರೆ ರೆಕಾರ್ಡರ್ ಸಾಕು: ಮೊದಲ 'ಟಕ್'ಗೂ ಎರಡನೇ 'ಟಕ್'ಗೂ ನಡುವಿನ ಸಮಯವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.23ರಿಂದ ಗುಣಿಸಿದರೆ ಮೀಟರ್‌ನಲ್ಲಿ ಎತ್ತರ. 0.7 ಸೆಕೆಂಡ್ ಆದರೆ 60 ಸೆಂಟಿಮೀಟರ್.

ಟೆನಿಸ್ ಬಾಲ್ ಕ್ರಿಕೆಟ್ ಆಡುವವರಿಗೂ ಇದು ಬರುತ್ತೆ. ಡಬ್ಬಿಯಿಂದ ತೆಗೆದ ಒತ್ತಡದ ಚೆಂಡು ವಾರಗಳಲ್ಲೇ ಉಸಿರು ಬಿಡುತ್ತೆ. ಹಳೇದು, ಹೊಸದು ಬೆರೆಸಿ ಆಡಿದರೆ ಪ್ರತಿ ಓವರ್‌ಗೂ ಬೇರೆ ಪಿಚ್. ಎರಡನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಟ್ಟು ನೋಡಿ, ಯಾವುದು ಮುದುಕ ಅಂತ ತಾನೇ ಹೇಳುತ್ತೆ. ಮಳೆಯಲ್ಲಿ ನೆಂದ ಚೆಂಡಿನ ಉಣ್ಣೆ ನೀರು ಹೀರಿ ತೂಕ ಏರುತ್ತೆ, ಪುಟಿತ ಇಳಿಯುತ್ತೆ. ಏಪ್ರಿಲ್ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬೆಂದ ಚೆಂಡು ಮೊದಲ ಎರಡು ಓವರ್ ಹುಚ್ಚೆದ್ದು ಕುಣಿಯುತ್ತೆ.

ಆ ಪರೀಕ್ಷೆ ಶುರುಮಾಡಿದ ಮೊದಲ ಭಾನುವಾರ ಅಂಗಳದ ಅಣ್ಣ ದೂರ ನಿಂತು ನಗುತ್ತಿದ್ದ. ಎರಡನೇ ವಾರ ಹತ್ತಿರ ಬಂದ. ಗುಡ್ ಲೆಂಗ್ತ್ ಜಾಗದಲ್ಲಿ ಒಂದು ಕಡೆ ಚೆಂಡು ಮೂರು ಸಲವೂ ಎಡಕ್ಕೇ ಓಡಿತು. ಮ್ಯಾಟ್ ಎತ್ತಿ ನೋಡಿದರೆ ಸಿಮೆಂಟಿನಲ್ಲಿ ಬೆರಳು ಹಿಡಿಯುವಷ್ಟು ಬಿರುಕು, ಒಂದು ಅಂಚು ಎದ್ದಿತ್ತು. "ಇದು ನಾನು ನೋಡೇ ಇರ್ಲಿಲ್ಲ ಸರ್" ಅಂದ. ಅವತ್ತು ನಾವು ಆ ತುದಿ ಬಿಟ್ಟು ಒಂದೇ ಕಡೆಯಿಂದ ಬೌಲಿಂಗ್ ಮಾಡಿದೆವು. ಮುಂದಿನ ವಾರ ಹೋದಾಗ ಬಿರುಕಿಗೆ ಸಿಮೆಂಟ್ ಮೆತ್ತಿ, ಮೇಲೆ ಒದ್ದೆ ಗೋಣಿಚೀಲ ಹಾಸಿಟ್ಟಿದ್ದ.